ಮುಳ್ಳು

ಬಿಣಗಾ ಘಾಟಿಯ ಎರಡನೇ ತಿರುವಿನಲ್ಲಿ
ಗಾಡಿ ಮತ್ತೆ ನಿಂತಿತು.
"ಕ್ಲಚ್ ಬಿಟ್ಟೆ ನೋಡು," ಎಂದೆ.
ಶೇವಂತಿ ಹರಿಕಂತ್ರ ತನ್ನ ಎಡಗಾಲನ್ನೇ ನೋಡಿಕೊಂಡಳು,
ಅದು ಬೇರೆ ಯಾರದೋ ಎಂಬಂತೆ.
"ಬಿಡ್ಲಿಲ್ರಾ ಮಾಸ್ತರ್ರೇ."
"ಬಿಡದೆ ನಿಲ್ತದಾ?"
ಹಿಂದೆ ಟ್ಯಾಂಕರಿನ ಹಾರ್ನು.

ಎರಡು ತಿಂಗಳಿಂದ ಹೀಗೇ.
ಕಾಜುಬಾಗದ ನರ್ಸಮ್ಮನಿಗೂ ಇದನ್ನೇ ಅಂದಿದ್ದೆ,
ಪಾಲಿಟೆಕ್ನಿಕ್ಕಿನ ಹುಡುಗನಿಗೂ.
ಅವನು ನಂಬಿದ, ಕಲಿಯುವುದನ್ನೇ ಬಿಟ್ಟ.
ಇಪ್ಪತ್ತೆರಡು ವರ್ಷದ ಜೆನ್ನು ನನ್ನದು;
ಡ್ರೈವಿಂಗ್ ಸ್ಕೂಲಿನ ಗಾಡಿಗೆ ಇದೊಂದು ಸುಖ:
ನಿಂತಾಗಲೆಲ್ಲ ತಪ್ಪು ಹೊರಲು
ಬಲಗಡೆ ಸೀಟಿನಲ್ಲಿ ಯಾರಾದರೂ ಕೂತಿರುತ್ತಾರೆ.

ಆ ದಿನ ಇಳಿಜಾರಿನಲ್ಲಿ ನಾನೇ ಓಡಿಸಿದೆ.
ಬೈತಖೋಲದ ಎದುರು ನಿಂತಿತು,
ನನ್ನ ಕಾಲಡಿಯಲ್ಲೇ.
ಅವಳು ಏನೂ ಅನ್ನಲಿಲ್ಲ.
ಗಾಜು ಇಳಿಸಿ
ಸಮುದ್ರದ ಕಡೆ ತಿರುಗಿ ಕೂತಳು.

ಕೋಡಿಬಾಗದ ಇನಾಸ್ ಬಾಬನಿಗೆ
ಸ್ಪ್ಯಾನರಿಗಿಂತ ಮೊದಲು ಕಿವಿ.
ಹಿಂದಿನ ಸೀಟಿಗೆ ಕೆನ್ನೆ ಆನಿಸಿ,
"ಕೀ ತಿರುಗಿಸು. ಸ್ಟಾರ್ಟ್ ಬೇಡ."
ಟ್ಯಾಂಕಿನೊಳಗೆ ಎರಡು ಸೆಕೆಂಡು
ಜೇನುಹುಳದ ಗುಂಯ್.
"ಪಂಪು ಬದುಕಿದೆ.
ಎಷ್ಟು ಬದುಕಿದೆ ಅನ್ನೋದು ನೋಡಬೇಕು."

ಪೈಪು ಬಿಚ್ಚಿ, ಚಿಂದಿ ಸುತ್ತಿ,
ಬೀಡಿಯನ್ನು ಕಿವಿಯ ಹಿಂದೆಯೇ ಮರೆತು,
ಗೇಜು ಸಿಕ್ಕಿಸಿ ಬಾನೆಟ್ಟಿಗೆ ತೂಗುಹಾಕಿದ.
ಗಡಿಯಾರದಂಥ ಮುಖ, ಒಂದೇ ಮುಳ್ಳು.
"ಎರಡೂವರೆ ಕೆಜಿ ನಿಲ್ಲಬೇಕು."

"ಎರಡೂವರೆ ಕೆಜಿ ಎಂತದು?"
"ಪೆಟ್ರೋಲಿನ ಒತ್ತಡ."
"ಅದನ್ನೂ ಕೆಜಿ ಲೆಕ್ಕದಲ್ಲೇ ತೂಗ್ತ್ರಾ!"
ಶೇವಂತಿ ಬಂದು ಗೇಜಿನೆದುರು ನಿಂತಳು,
ಮೂವತ್ತು ವರ್ಷ ತಕ್ಕಡಿಯ ಮುಳ್ಳನ್ನು
ಅಲುಗದೆ ನೋಡಿದ ಕಣ್ಣು.

ನಾನು ಚಾ ಕುಡಿದು ಬಂದೆ.
ಇಂಜಿನು ಓಡುತ್ತಲೇ ಇತ್ತು, ಅವಳು ನಿಂತೇ ಇದ್ದಳು.
"ಇಳೀತದೆ," ಎಂದಳು.
ನಮಗಿಬ್ಬರಿಗೂ ಕಾಣಲಿಲ್ಲ.
"ಕೂದಲೆಳೆಯಷ್ಟು. ನಡುಗಿ ನಡುಗಿ.
ಗಿರಾಕಿ ಬೆರಳು ಒತ್ತಿದರೆ ಹೀಗೆ ಆಗೂದಿಲ್ಲ,
ತಕ್ಕಡಿಗೇ ಸುಸ್ತಾದರೆ ಹೀಗೆ."

ಎರಡು.
ಒಂದೂಮುಕ್ಕಾಲು.
ಒಂದು.
ಇಂಜಿನು ಬಿಕ್ಕಿ ನಿಂತಿತು.
ಒಳಗೆ ಯಾರ ಕಾಲೂ ಇರಲಿಲ್ಲ.

ಮತ್ತೆ ಹಚ್ಚಿ, ವಾಪಸು ಪೈಪನ್ನು ಇಕ್ಕಳದಲ್ಲಿ ಹಿಚುಕಿದ:
ಮುಳ್ಳು ಏಳಲಿಲ್ಲ. "ರೆಗ್ಯುಲೇಟರ್ ಅಲ್ಲ."
ಫಿಲ್ಟರ್ ಬಸಿದ: ಚಾ ಬಣ್ಣ, ಚಿಟಿಕೆ ಮಸಿ.
ಹೊಸದು ಹಾಕಿದರೂ ಅದೇ ಕಥೆ.
"ಹಾಗಾದರೆ ಪಂಪು," ಎಂದೆ,
ಮನಸ್ಸಲ್ಲೇ ಆರು ಸಾವಿರ ಎಣಿಸುತ್ತ.
"ತಡಿ ಮಾರಾಯ. ಗಂಜಿ ಕೊಡದೆ
ಆಳು ಸೋಮಾರಿ ಅನ್ನಬಾರದು."

ಟೆಸ್ಟರು ಹಿಡಿದ.
ಹನ್ನೆರಡು ವೋಲ್ಟು ಇರಬೇಕಾದಲ್ಲಿ ಎಂಟು.
ವೈರಿನ ಜಾಡು ಬೆರಳಲ್ಲೇ ಹಿಡಿದು ಹೋಗಿ
ಡಿಕ್ಕಿಯ ಮ್ಯಾಟು ಎತ್ತಿದ.
ಅರ್ತಿಂಗ್ ಬೋಲ್ಟಿನ ಮೇಲೆ
ಹಸಿರು ಕಿಲುಬು, ಉಪ್ಪಿನ ಬಿಳಿ ಹೂ,
ಒಂದು ಒಣಗಿದ ಹುರುಪೆ.

ಮೂವರೂ ಬಗ್ಗಿ ನೋಡಿದೆವು.

ಫೀಸಿನ ಬಾಕಿಗೆಂದು ಶನಿವಾರ ಶನಿವಾರ
ಅವಳು ಕೊಡುತ್ತಿದ್ದ ಬಂಗಡೆ;
ಬರ್ಫಿನ ಸಮೇತ ಡಿಕ್ಕಿಗೆ ಹಾಕಿ
ಸಂಜೆತನಕ ನಾನು ಊರು ಸುತ್ತಿಸಿದ ಬಂಗಡೆ.

"ಕಡೆಗೂ ನನ್ನ ತಪ್ಪೇ ಅನ್ನಿ!"
ಶೇವಂತಿ ಸೆರಗು ಬಾಯಿಗಿಟ್ಟು ನಕ್ಕಳು.
ನಾನೂ ನಗಲು ಹೋದೆ.
ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು;
ಬಂಗಡೆಗೆ ಅಷ್ಟೊಂದು ಮುಳ್ಳಿರುವುದಿಲ್ಲ.

ಮರಳು ಕಾಗದ, ಹೊಸ ಬೋಲ್ಟು, ಗ್ರೀಸು.
ನೂರೈವತ್ತು ರೂಪಾಯಿ, ಫಿಲ್ಟರಿನದು ಬೇರೆ.
ಪಾಲಿಟೆಕ್ನಿಕ್ಕಿನ ಹುಡುಗನಿಗೆ ಫೋನು ಹಚ್ಚಿದೆ,
ಎತ್ತಲಿಲ್ಲ.

ಮರುದಿನ ಅದೇ ಘಾಟಿ, ಅದೇ ತಿರುವು.
ಎರಡನೇ ಗೇರು, ಎದುರಿಗೆ ಮೀನಿನ ಲಾರಿ.
ಅಭ್ಯಾಸಬಲ, "ಕ್ಲಚ್" ಅಂದುಬಿಟ್ಟೆ.
ಅವಳು ಒಂದು ಕ್ಷಣ ತಿರುಗಿ ನೋಡಿದಳು.
"...ಸರಿ ಇದೆ," ಎಂದು ಮಾತು ಮುಗಿಸಿದೆ.